ಬೆಳಗ್ಗೆ ತಾಲ್ಮುಡ್, ಮಧ್ಯಾಹ್ನ ಆಲ್ಜೀಬ್ರಾ: ನ್ಯೂಜೆರ್ಸಿಯ ಯಹೂದಿ ಮಿಡಲ್ ಸ್ಕೂಲ್ ಹೇಗೆ ನಡೆಯತ್ತೆ

ಎಡಿಸನ್, ಹೈಲ್ಯಾಂಡ್ ಪಾರ್ಕ್, ಟೀನೆಕ್ ಈ ಕಡೆಯೆಲ್ಲ ಮನೆ ಮಾಡಿರೋ ನಮ್ಮವರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಪಕ್ಕದ ಯಹೂದಿ ಮನೆ ಮಕ್ಕಳು ನಮ್ಮ ಮಕ್ಕಳ ಸ್ಕೂಲಿಗೆ ಯಾಕೆ ಬರಲ್ಲ, ಅವರ ಬಸ್ಸು ಯಾಕೆ ಅಷ್ಟು ಲೇಟು, ಅಷ್ಟು ಹೊತ್ತು ಏನು ಓದಿಸ್ತಾರೆ, ಅರ್ಧ ದಿನ ಧರ್ಮವೇ ಓದಿದ್ರೆ ಮುಂದೆ ಡಾಕ್ಟ್ರು ಲಾಯರು ಆಗೋದು ಹೇಗೆ ಅಂತ. ನಾನು ಇಂಥದ್ದೊಂದು ಸ್ಕೂಲಲ್ಲಿ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ, ಹಾಗಾಗಿ ಒಳಗಿಂದ ನೋಡಿದ್ದನ್ನ ಬರೀತಿದೀನಿ.

ಮೊದಲು ಕಾನೂನಿನ ವಿಷಯ, ಅದು ಗೊತ್ತಿಲ್ಲದೆ ಉಳಿದಿದ್ದು ಅರ್ಥ ಆಗಲ್ಲ. ಇಲ್ಲಿನ ಪಬ್ಲಿಕ್ ಸ್ಕೂಲಲ್ಲಿ, ಅಂದ್ರೆ ಸರ್ಕಾರಿ ಸ್ಕೂಲಲ್ಲಿ, ಧರ್ಮಗಳ ಬಗ್ಗೆ ಪಾಠ ಮಾಡಬಹುದು, ಆಚರಣೆ ಮಾಡಿಸೋ ಹಾಗಿಲ್ಲ. ದಿನಾ ಬೆಳಗ್ಗೆ ಬೈಬಲ್ ಓದಿಸ್ತಿದ್ದ ಪದ್ಧತಿಯನ್ನ ಸುಪ್ರೀಂ ಕೋರ್ಟು 1963ರಲ್ಲಿ ನಿಲ್ಲಿಸ್ತು. ಹಾಗಂತ ಎಲ್ಲ ಮಕ್ಕಳೂ ಪಬ್ಲಿಕ್ ಸ್ಕೂಲಿಗೇ ಬರಬೇಕು ಅಂತ ಸರ್ಕಾರ ಹಠ ಹಿಡಿಯೋಕೂ ಆಗಲ್ಲ, ಒರೆಗಾನ್ ರಾಜ್ಯ ಅಂಥ ಕಾನೂನು ತಂದಾಗ 1925ರಲ್ಲೇ ಕೋರ್ಟು ಅದನ್ನ ಹೊಡೆದು ಹಾಕಿದೆ. ಈ ಎರಡು ತೀರ್ಪಿನ ಮಧ್ಯೆ ಇರೋ ಜಾಗದಲ್ಲೇ ಯಹೂದಿ ಡೇ ಸ್ಕೂಲುಗಳು ಬೆಳೆದಿರೋದು. ಸ್ವಂತ ದುಡ್ಡಲ್ಲಿ ನಡೆಸ್ತಾರೆ, ಒಂದೇ ಸೂರಿನ ಕೆಳಗೆ ಎರಡು ಪಠ್ಯಕ್ರಮ. ಬಾಸ್ಟನ್ನಿನ ಮೈಮಾನಿಡಿಸ್ ಸ್ಕೂಲು, ನ್ಯೂಯಾರ್ಕಿನ ರಮಾಜ್ ಸ್ಕೂಲು ಎರಡೂ 1937ರಲ್ಲಿ ಶುರುವಾದವು. ಯೋಚನೆ ಅದಕ್ಕಿಂತ ಹಳೇದು, 1853ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸ್ಯಾಮ್ಸನ್ ರಫೇಲ್ ಹಿರ್ಶ್ ಅನ್ನೋ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ತಮ್ಮ ಪವಿತ್ರ ಗ್ರಂಥವಾದ ಟೋರಾನೂ ಲೋಕದ ವಿದ್ಯೇನೂ ಒಟ್ಟಿಗೆ ಕಲಿಸೋ ಸ್ಕೂಲು ಕಟ್ಟಿದ್ರು.

ಈಗ ದಿನಚರಿ. ಪಬ್ಲಿಕ್ ಮಿಡಲ್ ಸ್ಕೂಲ್ ದಿನ ಸುಮಾರು ಆರೂವರೆ ಗಂಟೆ ಅಂದ್ಕೊಳ್ಳಿ, ಇಲ್ಲಿ ಎಂಟು ಗಂಟೆ ಮೇಲೇ. ಬೆಳಗ್ಗೆ ಎಂಟರ ಸುಮಾರಿಗೆ ಪ್ರಾರ್ಥನೆ, ಅದಕ್ಕೆ ಶಾಖರಿತ್ ಅಂತಾರೆ. ಸೋಮವಾರ ಗುರುವಾರ ಟೋರಾ ಸುರುಳಿ ತೆಗೆದು ಓದೋದು ಇರೋದ್ರಿಂದ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯತ್ತೆ. ಹುಡುಗರು ಹದಿಮೂರಕ್ಕೆ ಬಾರ್ ಮಿಟ್ಸ್ವಾ ಆಗ್ತಾರೆ, ಅಲ್ಲಿಂದ ತೋಳಿಗೂ ಹಣೆಗೂ ತೆಫಿಲ್ಲಿನ್ ಅನ್ನೋ, ಗ್ರಂಥದ ಸಾಲುಗಳಿರೋ ಪುಟ್ಟ ಚರ್ಮದ ಪೆಟ್ಟಿಗೆ ಕಟ್ಟಿ ಪ್ರಾರ್ಥನೆ. ಹುಡುಗಿಯರಿಗೆ ಹನ್ನೆರಡಕ್ಕೇ ಬಾತ್ ಮಿಟ್ಸ್ವಾ. ಅಂದ್ರೆ ಧರ್ಮದ ಲೆಕ್ಕದಲ್ಲಿ ಮಗು ದೊಡ್ಡವರ ಸಾಲಿಗೆ ಸೇರೋದು ಸರಿಯಾಗಿ ಈ ಮಿಡಲ್ ಸ್ಕೂಲ್ ವಯಸ್ಸಲ್ಲೇ, ಅದಕ್ಕೇ ಈ ಮೂರು ವರ್ಷ ಅವರಿಗೆ ಅಷ್ಟು ಮುಖ್ಯ. ಶುಕ್ರವಾರ ಮಾತ್ರ ಬೇಗ ಬಿಡ್ತಾರೆ, ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ ಶಬ್ಬಾತ್ ಅನ್ನೋ ವಾರದ ವಿಶ್ರಾಂತಿ ದಿನ ಶುರುವಾಗಿಬಿಡತ್ತಲ್ಲ, ಅಷ್ಟರೊಳಗೆ ಎಲ್ಲರೂ ಮನೆ ಸೇರಬೇಕು.

ಧಾರ್ಮಿಕ ಭಾಗದಲ್ಲಿ ಹೀಬ್ರೂ ಭಾಷೆ, ಹುಮಾಶ್ ಅಂದ್ರೆ ಟೋರಾದ ಐದು ಪುಸ್ತಕ, ಅದರ ಜೊತೆ ಹನ್ನೊಂದನೇ ಶತಮಾನದ ಫ್ರಾನ್ಸಿನ ರಾಶಿ ಬರೆದ ವ್ಯಾಖ್ಯಾನ, ಪ್ರವಾದಿಗಳ ಗ್ರಂಥ, ಯಹೂದಿ ಇತಿಹಾಸ, ಆಚಾರದ ನಿಯಮಗಳು ಎಲ್ಲ ಬರತ್ತೆ. ಆದ್ರೆ ಮಿಡಲ್ ಸ್ಕೂಲಿನ ನಿಜವಾದ ಹೊಸ ವಿಷಯ ಗೆಮಾರಾ. ಯಹೂದಿ ಧರ್ಮಶಾಸ್ತ್ರದ ಚರ್ಚೆಗಳಿರೋ ಹಳೇ ಗ್ರಂಥ ತಾಲ್ಮುಡ್, ಅದರ ದೊಡ್ಡ ಭಾಗ ಇದು. ಅದರ ಒಂದು ಪುಟ ನೋಡಿದ್ರೆ ನಮ್ಮ ಕಡೆ ಸಂಸ್ಕೃತ ಪಾಠ ಓದಿದವರಿಗೆ ಅಪರಿಚಿತ ಅನ್ಸಲ್ಲ: ಮಧ್ಯದಲ್ಲಿ ಮೂಲ, ಒಂದು ಪಕ್ಕ ರಾಶಿ, ಇನ್ನೊಂದು ಪಕ್ಕ ತೋಸಾಫೋತ್ ಅನ್ನೋ ಮುಂದಿನ ತಲೆಮಾರಿನವರ ಆಕ್ಷೇಪಗಳು, ಥೇಟ್ ಮೂಲ-ಭಾಷ್ಯ-ಟಿಪ್ಪಣಿ ಒಂದೇ ಹಾಳೆ ಮೇಲೆ. ಭಾಷೆ ಬಹುಪಾಲು ಅರಾಮಿಕ್, ವಿರಾಮ ಚಿಹ್ನೆ ಇಲ್ಲ, ಎಲ್ಲಿ ಪ್ರಶ್ನೆ ಮುಗೀತು ಎಲ್ಲಿ ಉತ್ತರ ಶುರುವಾಯ್ತು ಅನ್ನೋದನ್ನೂ ಮಗುವೇ ಕಂಡ್ಕೋಬೇಕು. ಇಬ್ಬಿಬ್ಬರು ಜೋಡಿಯಾಗಿ ಕೂತು ಗಟ್ಟಿಯಾಗಿ ಓದ್ತಾ ವಾದ ಮಾಡ್ತಾರೆ, ಆ ಜೋಡಿಗೆ ಹಾವ್ರೂತಾ ಅಂತ ಹೆಸರು. ಕ್ಲಾಸ್‌ರೂಮ್ ಒಳಗೆ ಸಂತೆ ಥರ ಗದ್ದಲ ಇರತ್ತೆ, ಯಾರೂ ಸುಮ್ನಿರಿ ಅನ್ನಲ್ಲ.

ಮಕ್ಕಳಿಗೆ ಮೊದಮೊದಲು ಕೊಡೋ ಪಾಠಗಳಲ್ಲಿ ಬಾವಾ ಮೆಟ್ಸಿಯಾ ಅನ್ನೋ ಭಾಗದ ಎರಡನೇ ಅಧ್ಯಾಯ ತುಂಬಾ ಕಡೆ ಇರತ್ತೆ, ಕಳೆದುಹೋದ ವಸ್ತು ಸಿಕ್ಕಿದ್ರೆ ಏನು ಮಾಡಬೇಕು ಅನ್ನೋದು. ದಾರಿಯಲ್ಲಿ ಚೆಲ್ಲಾಡಿದ ನಾಣ್ಯ ಸಿಕ್ಕಿದ್ರೆ ಇಟ್ಕೋಬಹುದು, ಚೀಲದೊಳಗೆ ದುಡ್ಡು ಸಿಕ್ಕಿದ್ರೆ ಸಾರಿ ಹೇಳಬೇಕು. ಯಾಕೆ? ಚೀಲಕ್ಕೆ ಗುರುತು ಇರತ್ತೆ, ಕಳಕೊಂಡವರು ಅದನ್ನ ಹೇಳಿ ವಾಪಸ್ ತಗೋಬಹುದು. ಬಿಡಿ ನಾಣ್ಯಕ್ಕೆ ಗುರುತಿಲ್ಲ, ಕಳಕೊಂಡವರು ಆಸೆ ಬಿಟ್ಟಿರ್ತಾರೆ. ಅಲ್ಲಿಂದ ಅಬಾಯೆ ಮತ್ತು ರಾವಾ ಅನ್ನೋ ಇಬ್ಬರು ವಿದ್ವಾಂಸರ ಜಗಳ: ಬಿದ್ದಿದೆ ಅಂತಾನೇ ಮಾಲೀಕನಿಗೆ ಇನ್ನೂ ಗೊತ್ತಿಲ್ಲ, ಗೊತ್ತಾದ್ರೆ ಖಂಡಿತ ಆಸೆ ಬಿಡ್ತಾನೆ, ಹಾಗಿದ್ರೆ ಈಗಲೇ ಆಸೆ ಬಿಟ್ಟ ಅಂತ ಲೆಕ್ಕಾನಾ? ರಾವಾ ಹೌದು ಅಂತಾನೆ, ಅಬಾಯೆ ಇಲ್ಲ ಅಂತಾನೆ, ಕೊನೆಗೆ ನಿಂತಿದ್ದು ಅಬಾಯೆ ಮಾತು. ಹಾಗಾದ್ರೆ ನಾಣ್ಯ ಹೇಗೆ ಇಟ್ಕೋಬಹುದು ಅಂತ ಮಕ್ಕಳು ಕೇಳ್ತಾರೆ, ಗೆಮಾರಾ ಉತ್ತರ ಕೊಡತ್ತೆ, ಜನ ಆಗಾಗ ದುಡ್ಡಿದೆಯಾ ಅಂತ ಮುಟ್ಟಿ ನೋಡ್ಕೋತಿರ್ತಾರೆ, ಬಿದ್ದಿದ್ದು ಬೇಗ ಗೊತ್ತಾಗಿಬಿಡತ್ತೆ ಅಂತ. ಹನ್ನೊಂದು ಹನ್ನೆರಡು ವಯಸ್ಸಿನ ಮಕ್ಕಳು ಇದನ್ನ ಬಾಯಿಪಾಠ ಮಾಡದೆ, ಈ ಮಾತಿಗೆ ಆಧಾರ ಏನು ಅಂತ ಒಬ್ಬರನ್ನೊಬ್ಬರು ಹಿಡಿದು ಕೇಳೋದು ನೋಡಿದಾಗೆಲ್ಲ ನನಗೆ ನಿಜವಾಗ್ಲೂ ಖುಷಿಯಾಗತ್ತೆ. ಲಾಯರ್ ಆಗೋದು ಹೇಗೆ ಅಂತ ಕೇಳೋರಿಗೆ ಉತ್ತರದ ಒಂದು ಭಾಗ ಇಲ್ಲೇ ಇದೆ.

ಜನರಲ್ ಸ್ಟಡೀಸ್ ಭಾಗದಲ್ಲಿ ವಿಶೇಷ ಹೇಳೋದೇನಿಲ್ಲ, ಇಂಗ್ಲಿಷು, ಗಣಿತ, ಸೈನ್ಸು, ಅಮೆರಿಕದ ಇತಿಹಾಸ, ನಮ್ಮ ಮಕ್ಕಳು ಓದೋದೇ. ಕಷ್ಟ ಇರೋದು ಹೊತ್ತಿನಲ್ಲಿ. ಹಳೇ ಪದ್ಧತೀಲಿ ಬೆಳಗ್ಗೆಯೆಲ್ಲ ಧಾರ್ಮಿಕ ಪಾಠ, ಮಧ್ಯಾಹ್ನಕ್ಕೆ ಲೋಕದ ಪಾಠ, ಯಾಕಂದ್ರೆ ಮುಖ್ಯವಾದ್ದು ತಲೆ ಚುರುಕಿರೋವಾಗ ಆಗಬೇಕು ಅಂತ. ಆದ್ರೆ ಮೂರೂವರೆ ಗಂಟೆಗೆ ಸುಸ್ತಾದ ಮಕ್ಕಳಿಗೆ ಸಮೀಕರಣ ಹೇಳ್ಕೊಡೋದು ಎಷ್ಟು ಕಷ್ಟ ಅಂತ ಹೇಳ್ಕೊಟ್ಟವರಿಗೇ ಗೊತ್ತು. ಈಗ ತುಂಬಾ ಸ್ಕೂಲುಗಳು ಪೀರಿಯಡ್‌ಗಳನ್ನ ಕಲೆಸಿ ಹಾಕ್ತಾರೆ, ಒಂದು ಹುಮಾಶ್, ಒಂದು ಸೈನ್ಸ್, ಒಂದು ಗೆಮಾರಾ, ಹೀಗೆ. ನನ್ನ ಅಭಿಪ್ರಾಯದಲ್ಲಿ ಇದೇ ಸರಿ.

ಆದ್ರೆ ಟೈಮ್‌ಟೇಬಲ್ ಕಲೆಸಿದ ಮಾತ್ರಕ್ಕೆ ವಿದ್ಯೆ ಕಲೆಯಲ್ಲ. ಬೆಳಗಿನ ರಬ್ಬಿಗೂ ಮಧ್ಯಾಹ್ನದ ಟೀಚರಿಗೂ ಪರಿಚಯಾನೇ ಇರಲ್ಲ, ಒಂದೇ ದಿನ ಎರಡೂ ಕಡೆ ಪರೀಕ್ಷೆ ಇಟ್ಟಿರ್ತಾರೆ, ಮಗು ಎರಡು ಸ್ಕೂಲಿನ ಹೋಮ್‌ವರ್ಕ್ ಹೊತ್ಕೊಂಡು ಮನೆಗೆ ಹೋಗತ್ತೆ. ಇಬ್ಬರೂ ಕೂತು ಮಾತಾಡಿದಾಗ ಆಗೋದೇ ಬೇರೆ. ಕ್ಯಾಲೆಂಡರ್ ತಗೊಳ್ಳಿ. ಹನ್ನೆರಡು ಚಾಂದ್ರಮಾಸ ಅಂದ್ರೆ 354 ದಿನ, ಸೌರ ವರ್ಷಕ್ಕಿಂತ ಸುಮಾರು 11 ದಿನ ಕಮ್ಮಿ, 19 ವರ್ಷಕ್ಕೆ 209 ದಿನ, ಅಂದ್ರೆ ಹತ್ತಿರ ಹತ್ತಿರ ಏಳು ತಿಂಗಳು. ಅದಕ್ಕೇ ಅವರ ಪಂಚಾಂಗದಲ್ಲಿ 19 ವರ್ಷದಲ್ಲಿ ಏಳು ಸಲ ಅದಾರ್ ತಿಂಗಳು ಎರಡು ಬಾರಿ ಬರತ್ತೆ, ನಮ್ಮ ಅಧಿಕ ಮಾಸದ ಲೆಕ್ಕವೂ ಇದೇ ಗಣಿತದ ಮೇಲೆ ನಿಂತಿರೋದು. ಒಂದು ತಿಂಗಳು ಅಂದ್ರೆ 29 ದಿನ, 12 ಗಂಟೆ, ಜೊತೆಗೆ ಒಂದು ಗಂಟೆಯನ್ನ 1080 ಭಾಗ ಮಾಡಿ ಅದರಲ್ಲಿ 793 ಭಾಗ ಅಂತ ಅವರ ಲೆಕ್ಕ. ಭಿನ್ನರಾಶಿ ಕಲಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನೊಂದು, ಸೊಲೊಮನ್ ರಾಜನ ದೇವಾಲಯದಲ್ಲಿ ಹತ್ತು ಮೊಳ ಅಗಲದ ಕಂಚಿನ ತೊಟ್ಟಿ ಇತ್ತು, ಸುತ್ತಳತೆ ಮೂವತ್ತು ಮೊಳ ಅಂತ ಗ್ರಂಥ ಹೇಳತ್ತೆ, ತಾಲ್ಮುಡ್ಡೂ ಅದನ್ನ ಹಿಡಿದು ವೃತ್ತದ ಸುತ್ತಳತೆ ಅಗಲದ ಮೂರರಷ್ಟು ಅಂತಾನೇ ಲೆಕ್ಕ ಹಾಕತ್ತೆ. ಪೈ ಪಾಠ ಮಾಡೋವಾಗ ರಬ್ಬಿಯವರನ್ನೂ ಕ್ಲಾಸಿಗೆ ಕರೀತೀನಿ, ಅಂದಾಜು ಅಳತೆ ಅಂದ್ರೇನು, ಎಷ್ಟು ನಿಖರತೆ ಬೇಕು ಅನ್ನೋದು ಯಾವುದರ ಮೇಲೆ ನಿಲ್ಲತ್ತೆ ಅಂತ ಮಕ್ಕಳು ಇಬ್ಬರನ್ನೂ ಪ್ರಶ್ನೆ ಕೇಳ್ತಾರೆ.

ಎಲ್ಲ ಯಹೂದಿ ಸ್ಕೂಲೂ ಒಂದೇ ಅಂದ್ಕೋಬೇಡಿ. ಮಾಡರ್ನ್ ಆರ್ಥೊಡಾಕ್ಸ್, ಅಂದ್ರೆ ಸಂಪ್ರದಾಯ ಪಾಲಿಸ್ತಾನೇ ಹೊರಗಿನ ಲೋಕದ ಜೊತೆ ಬೆರೆಯೋರ ಸ್ಕೂಲುಗಳಲ್ಲಿ ಎರಡೂ ಪಠ್ಯ ಗಟ್ಟಿ, ಹಲವು ಕಡೆ ಹುಡುಗಿಯರೂ ಗೆಮಾರಾ ಓದ್ತಾರೆ. ಹೆಸರು ಹಾಗಿದ್ರೂ ಆರ್ಥೊಡಾಕ್ಸರಷ್ಟು ಕಟ್ಟುನಿಟ್ಟಲ್ಲದ ಕನ್ಸರ್ವೇಟಿವ್ ಪಂಗಡದ ಶೆಕ್ಟರ್ ಸ್ಕೂಲುಗಳಲ್ಲಿ ಹುಡುಗ ಹುಡುಗಿ ಒಟ್ಟಿಗೆ, ಧಾರ್ಮಿಕ ಪಾಠದ ಹೊತ್ತು ಸ್ವಲ್ಪ ಕಮ್ಮಿ. ಲೇಕ್‌ವುಡ್ ಕಡೆಯ ಯೆಶಿವಾಗಳಲ್ಲಿ, ಅಂದ್ರೆ ಸಂಪ್ರದಾಯಸ್ಥರ ಧಾರ್ಮಿಕ ಸ್ಕೂಲುಗಳಲ್ಲಿ, ಹುಡುಗರಿಗೆ ಗೆಮಾರಾನೇ ಮುಖ್ಯ, ಹುಡುಗಿಯರಿಗೆ ಬೇರೆ ಸ್ಕೂಲು, 1917ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಸಾರಾ ಶೆನಿರೆರ್ ಶುರು ಮಾಡಿದ ಬೈಸ್ ಯಾಕೋವ್ ಪರಂಪರೆ ಅದು. ನ್ಯೂಯಾರ್ಕಿನ ಹಸೀದಿ ಅನ್ನೋ ಕಟ್ಟಾ ಸಂಪ್ರದಾಯಸ್ಥ ಪಂಗಡದ ಕೆಲವು ಯೆಶಿವಾಗಳಲ್ಲಿ ಹುಡುಗರಿಗೆ ಇಂಗ್ಲಿಷು ಗಣಿತ ತೀರಾ ಕಮ್ಮಿ ಕಲಿಸ್ತಾರೆ ಅಂತ ಅಲ್ಲೇ ಓದಿದವರು 2015ರಲ್ಲಿ ದೂರು ಕೊಟ್ಟರು. ಖಾಸಗಿ ಸ್ಕೂಲಿನ ಪಾಠ ಪಬ್ಲಿಕ್ ಸ್ಕೂಲಿಗೆ ಸರಿಸಮ ಇರಬೇಕು ಅನ್ನೋ ಹಳೇ ಕಾನೂನಿಗೆ ರಾಜ್ಯ 2022ರಲ್ಲಿ ಬಿಗಿ ನಿಯಮ ಮಾಡ್ತು, 2025ರಲ್ಲಿ ಬಜೆಟ್ ಜೊತೆ ಅದನ್ನ ಸಡಿಲ ಮಾಡಿದ್ರು. ಧಾರ್ಮಿಕ ಸ್ವಾತಂತ್ರ್ಯ ದೊಡ್ಡದು, ನಾನು ಒಪ್ತೀನಿ, ಆದ್ರೆ ಓದೋಕೆ ಬರೆಯೋಕೆ ಲೆಕ್ಕ ಮಾಡೋಕೆ ಬರೋದು ಮಗುವಿನ ಹಕ್ಕು, ಅದನ್ನ ಯಾರೂ ಬಿಟ್ಟುಕೊಡಬಾರದು.

ಫೀಸು ಕೇಳಿದ್ರೆ ತಲೆ ತಿರುಗತ್ತೆ, ಉತ್ತರ ನ್ಯೂಜೆರ್ಸಿಯಲ್ಲಿ ತುಂಬಾ ಕಡೆ ವರ್ಷಕ್ಕೆ ಒಂದು ಮಗುವಿಗೆ 20,000 ಡಾಲರ್ ಮೇಲೇ. ಮೂರ್ನಾಲ್ಕು ಮಕ್ಕಳಿರೋ ಮನೆಗಳು ಸ್ಕೂಲಿನ ಸ್ಕಾಲರ್‌ಶಿಪ್ ಕಮಿಟಿ ಮುಂದೆ ಆದಾಯದ ಲೆಕ್ಕವೆಲ್ಲ ಇಟ್ಟು ರಿಯಾಯಿತಿ ಕೇಳ್ತಾರೆ, ಪ್ರಾಪರ್ಟಿ ಟ್ಯಾಕ್ಸ್ ಮೂಲಕ ಪಬ್ಲಿಕ್ ಸ್ಕೂಲಿಗೂ ಕಟ್ತಾನೇ ಇರ್ತಾರೆ. ರಾಜ್ಯದಿಂದ ಪಠ್ಯಪುಸ್ತಕ, ನರ್ಸು, ಸೆಕ್ಯುರಿಟಿ, ಬಸ್ಸು ಇಂಥದ್ದಕ್ಕೆ ನೆರವು ಸಿಗತ್ತೆ, ಧಾರ್ಮಿಕ ಪಾಠಕ್ಕೆ ಸಿಗಲ್ಲ. ಬಸ್ಸಿನ ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ನ್ಯೂಜೆರ್ಸಿಯ ಈವಿಂಗ್ ಟೌನ್‌ಶಿಪ್ಪಿನ ಕೇಸಲ್ಲೇ 1947ರಲ್ಲಿ ಸುಪ್ರೀಂ ಕೋರ್ಟು ಧಾರ್ಮಿಕ ಸ್ಕೂಲಿನ ಮಕ್ಕಳ ಬಸ್ ಖರ್ಚನ್ನ ಸರ್ಕಾರ ಕೊಡಬಹುದು ಅಂತ ಹೇಳಿದ್ದು. ಈಗಲೂ ಲಾಭಕ್ಕಲ್ಲದೆ ನಡೆಯೋ ಖಾಸಗಿ ಸ್ಕೂಲಿಗೆ ಮಗು ಹೋಗ್ತಿದ್ರೆ, ದೂರದ ನಿಯಮಕ್ಕೆ ಹೊಂದಿದ್ರೆ, ಡಿಸ್ಟ್ರಿಕ್ಟ್ ಬಸ್ ಕೊಡಬೇಕು ಇಲ್ಲಾ ಅದರ ಬದಲು ದುಡ್ಡು. ನಿಮ್ಮ ಮಗು ಅಂಥ ಬೇರೆ ಯಾವುದೇ ಸ್ಕೂಲಲ್ಲಿದ್ರೂ ಆಫೀಸಲ್ಲಿ ಅರ್ಜಿ ಕೇಳಿ.

ಸೇರಿಸ್ಕೋತಾರಾ ಅಂತಾನೂ ಕೆಲವರು ಕೇಳ್ತಾರೆ. ಆರ್ಥೊಡಾಕ್ಸ್ ಸ್ಕೂಲುಗಳು ಸಾಮಾನ್ಯವಾಗಿ ಯಹೂದಿ ಮಕ್ಕಳಿಗೆ ಮಾತ್ರ. ಹಬ್ಬದ ರಜೆ ಬಗ್ಗೆ ಅವರನ್ನ ನೋಡಿ ಹೊಟ್ಟೆ ಉರ್ಕೋಳ್ಳೋದೂ ಬೇಡ, ನ್ಯೂಜೆರ್ಸಿ ಪಬ್ಲಿಕ್ ಸ್ಕೂಲಲ್ಲಿ ರಾಜ್ಯದ ಪಟ್ಟಿಯಲ್ಲಿರೋ ಧಾರ್ಮಿಕ ಹಬ್ಬಕ್ಕೆ ಅಪ್ಪ ಅಮ್ಮ ಬರೆದುಕೊಟ್ರೆ ಮಗುವಿಗೆ ಅದರಿಂದ ತೊಂದ್ರೆ ಆಗೋ ಹಾಗಿಲ್ಲ, ತಪ್ಪಿದ ಪರೀಕ್ಷೆ ಮತ್ತೆ ಕೊಡಬೇಕು. ದೀಪಾವಳಿ ಆ ಪಟ್ಟಿಯಲ್ಲಿದೆ. ಎಷ್ಟೋ ಜನ ಇದನ್ನ ಬಳಸ್ಕೊಳ್ಳೋದೇ ಇಲ್ಲ.

ಆ ಮಕ್ಕಳು ನಿಮ್ಮ ಮಕ್ಕಳ ಸ್ನೇಹಿತರಾಗಿದ್ರೆ ಬರ್ತ್‌ಡೇ ಪಾರ್ಟಿ ಭಾನುವಾರ ಇಡಿ, ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗೋ ತನಕ ಶಬ್ಬಾತ್ ಪಾಲಿಸೋರು ಕಾರು ಫೋನು ಮುಟ್ಟಲ್ಲ. ನಾವು ಪ್ಯೂರ್ ವೆಜ್ ಅಂದ ಮಾತ್ರಕ್ಕೆ ನಮ್ಮ ಮನೆ ಊಟ ಕೋಶರ್, ಅಂದ್ರೆ ಅವರ ಧರ್ಮದ ಪ್ರಕಾರ ತಿನ್ನಬಹುದಾದ್ದು, ಆಗಲ್ಲ, ಪಾತ್ರೆ, ಒಲೆ, ಪದಾರ್ಥ ಎಲ್ಲದಕ್ಕೂ ನಿಯಮ ಇದೆ. ಓಯು (OU) ಅನ್ನೋ ಕೋಶರ್ ಗುರುತಿರೋ ಸೀಲ್ ಪ್ಯಾಕೆಟ್ಟು, ಹೆಚ್ಚದೇ ಇರೋ ಇಡೀ ಹಣ್ಣು ಕೊಡಿ, ಪಾಸೋವರ್ ಹಬ್ಬದ ದಿನಗಳಲ್ಲಿ ಆ ಪ್ಯಾಕೆಟ್ಟೂ ಬೇಡ.

ಕೊನೇದಾಗಿ ಕೆಲಸ. ಎಂ.ಎಸ್ಸಿ., ಬಿ.ಎಡ್. ಮಾಡ್ಕೊಂಡು ಬಂದು ಮನೇಲಿರೋ ಎಷ್ಟೋ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಜನರಲ್ ಸ್ಟಡೀಸ್ ಟೀಚರ್ ಯಹೂದಿ ಆಗಿರಲೇಬೇಕು ಅಂತಿಲ್ಲ, ಖಾಸಗಿ ಸ್ಕೂಲಾದ್ರಿಂದ ರಾಜ್ಯದ ಟೀಚಿಂಗ್ ಸರ್ಟಿಫಿಕೇಟ್ ಕಾನೂನು ಪ್ರಕಾರ ಕಡ್ಡಾಯವೂ ಅಲ್ಲ, ಸ್ಕೂಲು ತಾನಾಗಿ ಕೇಳಬಹುದು ಅಷ್ಟೇ. ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇದೆಯಾ ನೋಡ್ಕೊಳ್ಳಿ. ಇಂಟರ್‌ವ್ಯೂಗೆ ಹೋದಾಗ ಬಟ್ಟೆಯ ನಿಯಮ ಏನು, ಮನೆಯಿಂದ ತಂದ ಊಟ ಎಲ್ಲಿ ತಿನ್ನಬಹುದು, ಸೈನ್ಸ್ ಆದ್ರೆ ವಿಕಾಸವಾದದ ಪಾಠ ಹೇಗೆ ಮಾಡ್ತಾರೆ ಅಂತ ಮೊದಲೇ ಕೇಳಿ, ಒಂದೊಂದು ಸ್ಕೂಲಲ್ಲಿ ಒಂದೊಂದು ಥರ. ಹಾಗೇ ನಿಮ್ಮ ಕ್ಲಾಸಿಗೆ ಗೆಮಾರಾ ಹೇಳ್ಕೊಡೋ ರಬ್ಬಿ ಯಾರು, ವಾರಕ್ಕೊಮ್ಮೆಯಾದ್ರೂ ಅವರ ಜೊತೆ ಕೂತ್ಕೊಳ್ಳೋಕೆ ಟೈಮ್‌ಟೇಬಲಲ್ಲಿ ಜಾಗ ಇದೆಯಾ ಅಂತಾನೂ ಕೇಳಿ, ಇಲ್ಲ ಅಂದ್ರೆ ಮಾಡಿಕೊಡ್ತೀರಾ ಅಂತ ಕೇಳಿ.