ಬೆಳಗಿನ ಮಾತ್ರೆ, ತಡವಾದ ಕಾಫಿ: ನನ್ನ ಥೈರಾಯ್ಡ್ ಅನುಭವ

ಥೈರಾಯ್ಡ್, ಅಂದರೆ ಕತ್ತಿನಲ್ಲಿರುವ ಆ ಗ್ರಂಥಿ ಮಂದವಾಗುವ ಕಾಯಿಲೆ, ಇರುವವರು ಈಗ ಯಾವ ಆಫೀಸಿಗೆ ಹೋದರೂ ಸಿಗುತ್ತಾರೆ. ಆದರೂ ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ಬಂದರೆ ಎಲ್ಲರೂ ಮಾತ್ರೆಯ ಪವರ್ ಹೇಳಿ ಸುಮ್ಮನಾಗುತ್ತಾರೆ. "ನಂದು 50, ನಿಮ್ದೆಷ್ಟು?" ಅಷ್ಟೇ. ನನ್ನ ಪ್ರಕಾರ ಮಾತ್ರೆ ನುಂಗುವುದು ಇದರಲ್ಲಿ ಸುಲಭದ ಕೆಲಸ. ಅದನ್ನು ಯಾವಾಗ ನುಂಗಬೇಕು, ಜೊತೆಗೆ ಏನು ಹೊಟ್ಟೆಗೆ ಹೋಗಬಾರದು, ರಕ್ತ ಯಾವಾಗ ಕೊಡಬೇಕು, ಸುಸ್ತಿಗೆಲ್ಲ ಥೈರಾಯ್ಡನ್ನೇ ಬೈಯಬಹುದಾ? ತಲೆ ಓಡಿಸಬೇಕಾದ್ದು ಅಲ್ಲಿ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಗಣಿತ ನನ್ನ ವಿಷಯ. ನನ್ನ ಕಾಯಿಲೆ ಮೊದಲು ಸಿಕ್ಕಿಬಿದ್ದದ್ದು ದನಿಯಲ್ಲಿ. ಮೂರನೇ ಪೀರಿಯಡ್ ಹೊತ್ತಿಗೆ ಗಂಟಲು ಗೊಗ್ಗರಾಗುತ್ತಿತ್ತು. ನೆಗಡಿ ಇಲ್ಲ, ಕೆಮ್ಮಿಲ್ಲ. ಜೊತೆಗೆ ಮಲಬದ್ಧತೆ, ಒಣಗಿದ ಚರ್ಮ, ಬಾಚಣಿಗೆ ತುಂಬ ಕೂದಲು, ಮುಟ್ಟಿನ ದಿನಗಳಲ್ಲಿ ಜಾಸ್ತಿ ರಕ್ತಸ್ರಾವ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಹೇಗಿರುತ್ತೆ ಗೊತ್ತಲ್ವಾ? ಮನೆಯವರೆಲ್ಲ ಫ್ಯಾನ್ ಕೆಳಗೆ ಬಿದ್ದುಕೊಂಡಿದ್ದರೆ ನಾನು ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದೂ ದೊಡ್ಡ ತೊಂದರೆಯಲ್ಲ. ಡಾಕ್ಟರು ನಾಡಿ ಹಿಡಿದು ನೋಡಿದರು, ನಿಮಿಷಕ್ಕೆ ಬರೀ 56. "ಮೇಡಂ, ನೀವೇನು ಮ್ಯಾರಥಾನ್ ಓಡ್ತೀರಾ?" ಅಂತ ನಕ್ಕು ಚೀಟಿಯಲ್ಲಿ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ ಬರೆದರು.

ರಿಪೋರ್ಟಿನಲ್ಲಿ ಟಿಎಸ್‌ಎಚ್ 38.6 ಬಂತು. ಸಾಮಾನ್ಯವಾಗಿ ಇದು 0.4ರಿಂದ 4.5ರ ಆಸುಪಾಸಿನಲ್ಲಿ ಇರಬೇಕು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ. ಥೈರಾಯ್ಡ್ ಗ್ರಂಥಿಯೇ ಮಾಡುವ ಹಾರ್ಮೋನಿನ ಅಂಕಿ, ಫ್ರೀ ಟಿ4, 0.5 ಇತ್ತು. ಅದು 0.8ಕ್ಕಿಂತ ಮೇಲಿರಬೇಕಿತ್ತು. ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಜಾಸ್ತಿ ಅಂತ ತುಂಬಾ ಜನ ತಿಳಿಯುತ್ತಾರೆ. ವಿಷಯ ಉಲ್ಟಾ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವುದು ಅದರ ಕೆಲಸ. ಹಿಂದಿನ ಬೆಂಚಿನವರು ಕಿವಿಗೆ ಹಾಕಿಕೊಳ್ಳದಿದ್ದಷ್ಟೂ ಟೀಚರ್ ದನಿ ಏರುತ್ತದಲ್ಲ, ಟಿಎಸ್‌ಎಚ್ ಏರುವುದೂ ಹಾಗೇ.

ಆಂಟಿ ಟಿಪಿಒ ಎಂಬ ಇನ್ನೊಂದು ಪರೀಕ್ಷೆಯೂ ತುಂಬಾ ಮೇಲೆ ಬಂತು. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮದೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಎಂದು ಅದರ ಅರ್ಥ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಹೆಸರಿನಲ್ಲೇ ಕಾಯಿಲೆಯನ್ನು ಕರೆಯುತ್ತಾರೆ. ಈ ಪರೀಕ್ಷೆ ಒಂದು ಸಲ ಮಾಡಿಸಿದರೆ ಸಾಕು. ಕಾರಣ ಗೊತ್ತಾದ ಮೇಲೆ ಮತ್ತೆ ಮತ್ತೆ ಮಾಡಿಸಿ ದುಡ್ಡು ಸುರಿಯಬೇಕಿಲ್ಲ, ಯಾಕೆಂದರೆ ಮಾತ್ರೆಯ ಪವರ್ ನಿರ್ಧಾರ ಆಗುವುದು ಟಿಎಸ್‌ಎಚ್ ಮೇಲೆ. ಅಯೋಡಿನ್ ಕಮ್ಮಿಯಾಗಿ ಹೀಗಾಯ್ತು ಅಂತ ಪಕ್ಕದ ಮನೆಯವರು ಹೇಳಿದರು. ನಮ್ಮ ದೇಶದಲ್ಲಿ ಗಳಗಂಡ ತಡೆಯುವ ಕಾರ್ಯಕ್ರಮ 1962ರಲ್ಲೇ ಶುರುವಾಗಿದೆ, ಅಂಗಡಿಯ ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆ. ಹಶಿಮೊಟೊ ಇರುವವರಿಗೆ ಅಯೋಡಿನ್ ವಿಪರೀತ ಹೋದರೆ ಗ್ರಂಥಿ ಇನ್ನಷ್ಟು ಮಂಕಾಗಬಹುದು. ಹಾಗಾಗಿ ಅಯೋಡಿನ್ ತುಂಬಿದ ಸಮುದ್ರ ಪಾಚಿಯ ಕ್ಯಾಪ್ಸೂಲ್‌ಗಳ ಸಹವಾಸ ನನಗೆ ಬೇಡ.

ಔಷಧಿ ಒಂದೇ: ಲಿವೋಥೈರಾಕ್ಸಿನ್. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂತೆಲ್ಲ ಸಿಗುವುದು ಇದೇ. ಗ್ರಂಥಿ ಮಾಡಬೇಕಿದ್ದ ಹಾರ್ಮೋನನ್ನು ನಾವು ಹೊರಗಿನಿಂದ ಕೊಡುತ್ತೇವೆ. ಗ್ರಂಥಿ ಪೂರ್ತಿ ಸೋತವರಿಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದಂತೆ. ನನ್ನ ತೂಕ 58. ಗುಣಿಸಿ ನೋಡಿದೆ, 93 ಹತ್ತಿರ ಬಂತು. ಡಾಕ್ಟರು ಮಾತ್ರ 50ರಿಂದ ಶುರು ಮಾಡಿದರು. ವಯಸ್ಸು ಐವತ್ತರ ಹತ್ತಿರ, ಹೃದಯಕ್ಕೆ ಒಮ್ಮೆಲೇ ಭಾರ ಬೇಡ ಅಂದರು. ಆರು ವಾರ ಬಿಟ್ಟು ನೋಡಿದರೆ ಟಿಎಸ್‌ಎಚ್ 14. ಮಾತ್ರೆ 75ಕ್ಕೆ ಏರಿತು. ಮುಂದಿನ ಸಲ 6.1. ಆಮೇಲೆ 88, ಅಲ್ಲಿ 2.3ಕ್ಕೆ ಬಂದು ನಿಂತಿತು. ಗುಣಾಕಾರದ ಉತ್ತರಕ್ಕೂ 88ಕ್ಕೂ ಅಷ್ಟೇನೂ ದೂರವಿಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಆರು ವಾರ ಯಾಕೆ ಕಾಯಬೇಕು? ಈ ಹಾರ್ಮೋನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಪವರ್ ಬದಲಿಸಿದ ಮೇಲೆ ರಕ್ತದಲ್ಲಿ ಹೊಸ ಮಟ್ಟ ನೆಲೆನಿಲ್ಲಲು ಐದಾರು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೇ ರಕ್ತ ಕೊಟ್ಟರೆ ಬರುವುದು ಅರ್ಧ ದಾರಿಯ ಅಂಕಿ. ಅದನ್ನು ನೋಡಿ ಪವರ್ ಏರಿಸಿದರೆ ಲೆಕ್ಕ ತಪ್ಪುತ್ತದೆ. ಎರಡನೇ ವಾರಕ್ಕೆ ಮನೆಯಲ್ಲಿ "ಇನ್ನೂ ಏನೂ ಗುಣ ಕಾಣ್ತಿಲ್ವಲ್ಲ" ಅಂತ ಶುರುವಾಗುತ್ತದೆ. ತಡೆದುಕೊಳ್ಳಬೇಕು.

ಇನ್ನು ಬೆಳಗಿನ ಜಾವದ ವಿಷಯ. ಏಳುತ್ತಿದ್ದಂತೆ, ಐದೂವರೆಗೆ, ಒಂದು ಲೋಟ ನೀರಿನ ಜೊತೆ ಮಾತ್ರೆ. ಕಾಫಿ ಆರೂವರೆಗೆ. ಆ ಒಂದು ಗಂಟೆ ಇದೆಯಲ್ಲ, ಇಡೀ ಚಿಕಿತ್ಸೆಯಲ್ಲಿ ನನಗೆ ಕಷ್ಟವಾದದ್ದು ಅದೊಂದೇ. ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುತ್ತದೆ, ಯಜಮಾನರು ಎದುರಿಗೇ ಕುಡಿಯುತ್ತಿರುತ್ತಾರೆ. ಆದರೆ ಕಾಫಿ ಈ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಗಾಲು ಹಾಕುತ್ತದೆ. ಅರ್ಧ ಗಂಟೆಯಾದರೂ ಬಿಡಲೇಬೇಕು, ಒಂದು ಗಂಟೆ ಬಿಟ್ಟರೆ ಒಳ್ಳೆಯದು. ಇದು ಆಗದ ಮಾತು ಅನ್ನುವವರಿಗೆ ಇನ್ನೊಂದು ದಾರಿ ಇದೆ. ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವಾಗ ತೆಗೆದುಕೊಳ್ಳಬಹುದು. ಮಾರ್ನಿಂಗ್ ಶಿಫ್ಟಿನ ನಮ್ಮ ತಂಗಿ ಹಾಗೇ ಮಾಡುತ್ತಾಳೆ, ಅವಳ ಅಂಕಿಗಳೂ ಚೆನ್ನಾಗಿವೆ. ಹೊತ್ತು ಯಾವುದಾದರೂ ಇರಲಿ, ದಿನಾ ಅದೇ ಆಗಿರಬೇಕು.

ನನಗೆ ಸೋಮವಾರ ಒಪ್ಪತ್ತು. ಆವತ್ತು ಮಾತ್ರೆ ನುಂಗಬಹುದಾ ಅಂತ ಅತ್ತೆಯನ್ನು ಕೇಳಿದೆ. "ಔಷಧಕ್ಕೆ ಯಾವ ಮಡಿನೂ ಇಲ್ಲ, ವ್ರತಾನೂ ಇಲ್ಲ, ನುಂಗಮ್ಮ" ಅಂದರು. ಮಾತ್ರೆಗೆ ಬೇಕಾದ್ದೂ ಖಾಲಿ ಹೊಟ್ಟೆಯೇ. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದರೆ ಥೈರಾಯ್ಡ್ ಹೋಗುತ್ತೆ ಅನ್ನುವ ವಾಟ್ಸಾಪ್ ಸಂದೇಶವೂ ಮನೆಗೆ ಬಂತು. ಹೋಗುವುದಿಲ್ಲ. ಕುಡಿಯುವ ಆಸೆ ಇದ್ದವರು ಸಂಜೆ ಕುಡಿಯಲಿ, ಬೆಳಗಿನ ಮಾತ್ರೆಯ ಜೊತೆ ಬೇಡ. ಥೈರಾಯ್ಡಿಗೆ ಆಗಿಬರುವುದಿಲ್ಲ ಅಂತ ಜನ ಹೇಳುವ ಎಲೆಕೋಸು, ಹೂಕೋಸನ್ನು ನಾನು ಬಿಟ್ಟಿಲ್ಲ. ಬೇಯಿಸಿ ಹದವಾಗಿ ತಿಂದರೆ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಏನೂ ತೊಂದರೆ ಆಗುವುದಿಲ್ಲ.

ಈಗ ನನ್ನ ಕಥೆಯ ಗಂಟು ಬಿದ್ದ ಜಾಗಕ್ಕೆ ಬರುತ್ತೇನೆ. ಟಿಎಸ್‌ಎಚ್ 2.3ಕ್ಕೆ ಬಂತು. ದನಿ ಸರಿಹೋಯಿತು, ಚಳಿ ಹೋಯಿತು, ಮಲಬದ್ಧತೆ ಹೋಯಿತು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 178 ಇದ್ದದ್ದು ಅದಕ್ಕೆ ಬೇರೆ ಮಾತ್ರೆಯೇ ಇಲ್ಲದೆ 124ಕ್ಕೆ ಇಳಿಯಿತು. "ಮೊದಲು ಥೈರಾಯ್ಡ್ ಸರಿಯಾಗಲಿ, ಆಮೇಲೆ ಕೊಲೆಸ್ಟ್ರಾಲ್ ನೋಡೋಣ" ಅಂತ ಡಾಕ್ಟರು ತಡೆದಿದ್ದರು. ಆದರೆ ಸುಸ್ತು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಶಾಲೆಯ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಕಾಲಲ್ಲಿ ಜೋಮು. ಕೂದಲು ಉದುರುತ್ತಲೇ ಇತ್ತು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಹೊಳೆಯುವುದು ಪವರ್ ಏರಿಸುವುದೇ. ಡಾಕ್ಟರು ಒಪ್ಪಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರೆ ಟಿಎಸ್‌ಎಚ್ ಕೆಳಗೆ ಬಿದ್ದು ಎದೆಬಡಿತದ ಲಯ ತಪ್ಪಬಹುದು, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮೂಳೆ ಸವೆಯಬಹುದು. "ಥೈರಾಯ್ಡ್ ತನ್ನ ಪಾಲಿನ ಕೆಲಸ ಮಾಡಿದೆ. ಇನ್ನು ಬೇರೆಯವರನ್ನ ವಿಚಾರಿಸೋಣ" ಅಂತ ಹೇಳಿ ಫೆರಿಟಿನ್, ಬಿ12, ವಿಟಮಿನ್ ಡಿ ಬರೆದುಕೊಟ್ಟರು.

ಮೂರೂ ನೆಲ ಕಚ್ಚಿದ್ದವು. ಫೆರಿಟಿನ್ 8. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಅಂಕಿ ಇದು, 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಖಾಲಿ. ವರ್ಷಗಟ್ಟಲೆ ಜಾಸ್ತಿ ರಕ್ತ ಹೋಗಿದ್ದಕ್ಕೆ ಇನ್ನೇನಾಗುತ್ತದೆ? ಹಿಮೋಗ್ಲೋಬಿನ್ 11.2 ಇದ್ದದ್ದರಿಂದ ಯಾರಿಗೂ ಅಷ್ಟು ಗಾಬರಿ ಆಗಿರಲಿಲ್ಲ. ಬಿ12 164, ಅದು 200ಕ್ಕಿಂತ ಮೇಲಿರಬೇಕು. ನಮ್ಮದು ಸಸ್ಯಾಹಾರದ ಮನೆ, ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ಜೊತೆಗೆ ಹಶಿಮೊಟೊ ಇರುವವರಲ್ಲಿ ಕೆಲವರಿಗೆ ಹೊಟ್ಟೆಯಲ್ಲೂ ಅದೇ ಥರದ ತಕರಾರು ಇದ್ದು ಬಿ12 ಹೀರಿಕೊಳ್ಳುವುದೇ ಕಮ್ಮಿಯಾಗುತ್ತದೆ. ವಿಟಮಿನ್ ಡಿ 13. ಇಷ್ಟು ಬಿಸಿಲಿನ ಊರಿನಲ್ಲಿ! ಬಿಸಿಲಿಗೆ ಮೈ ಒಡ್ಡುವವರು ಯಾರಿದ್ದಾರೆ ಹೇಳಿ.

ಹಾಗಂತ ಈ ವಿಟಮಿನ್‌ಗಳು ಥೈರಾಯ್ಡಿಗೆ ಮದ್ದಲ್ಲ. ಇವು ಬೇರೆಯೇ ಕೊರತೆಗಳು, ಸುಸ್ತು ಮತ್ತು ಕೂದಲು ಉದುರುವುದರಲ್ಲಿ ಮಾತ್ರ ಥೈರಾಯ್ಡಿನ ಥರ ಕಾಣುತ್ತವೆ. ಬಿ12ಗೆ ಮೊದಲು ಇಂಜೆಕ್ಷನ್ ಹಾಕಿಸಿದರು, ಆಮೇಲೆ ಮಾತ್ರೆ. ಡಿಗೆ 60,000 ಯೂನಿಟ್ಟಿನ ಕ್ಯಾಪ್ಸೂಲು, ವಾರಕ್ಕೊಂದರಂತೆ ಎಂಟು ವಾರ. ನಾನು ಅದನ್ನು ಭಾನುವಾರದ ಊಟದ ಜೊತೆ ಇಟ್ಟುಕೊಂಡೆ. ಎಣ್ಣೆ, ತುಪ್ಪದ ಜೊತೆ ಅದು ಚೆನ್ನಾಗಿ ಹಿಡಿಯುತ್ತದೆ. ಎಂಟು ವಾರ ಮುಗಿದ ಮೇಲೂ ಇದನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ. ಡಿ ದೇಹದಲ್ಲಿ ಉಳಿಯುವ ವಿಟಮಿನ್. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಕಬ್ಬಿಣದ ಮಾತ್ರೆಯ ವಿಷಯದಲ್ಲಿ ಜೋರು ಎಚ್ಚರಿಕೆ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ಒಳಗೆ ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರ ಇರಬೇಕು. ಬೆಳಿಗ್ಗೆ ಎಲ್ಲಾ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಯಲ್ಲಿದೆ! ನನ್ನ ಕಬ್ಬಿಣದ ಮಾತ್ರೆ ಮಧ್ಯಾಹ್ನ, ಊಟದ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಅದರ ಮೇಲೆ ಚಹಾ ಕುಡಿಯುವುದಿಲ್ಲ. ಗ್ಯಾಸ್ಟ್ರಿಕ್ಕಿಗೆ ಅಂತ ದಿನಾ ಪ್ಯಾಂಟೊಪ್ರಜೋಲ್ ನುಂಗುವವರೂ ಅದನ್ನು ಡಾಕ್ಟರಿಗೆ ಹೇಳಿಬಿಡಬೇಕು, ಅದರಿಂದಲೂ ಥೈರಾಕ್ಸಿನ್ ಹೀರಿಕೆ ಕಮ್ಮಿಯಾಗುತ್ತದೆ. ಕಬ್ಬಿಣ ಶುರುವಾಗಿ ಕೆಲವು ತಿಂಗಳಿಗೆ ಫೆರಿಟಿನ್ 40 ದಾಟಿತು. ಥೈರಾಯ್ಡ್ ಮಾತ್ರೆ 88ರಲ್ಲೇ ಇತ್ತು. ಮಹಡಿ ಹತ್ತುವುದು ಸಲೀಸಾಯಿತು.

ವಿಟಮಿನ್ ವಿಷಯಕ್ಕೆ ನನ್ನ ನಾದಿನಿಯ ಪ್ರಸಂಗ ಹೇಳಲೇಬೇಕು. ಅವಳಿಗೂ ನನ್ನ ಹಾಗೆ ಹೈಪೋಥೈರಾಯ್ಡ್, ಅಂದರೆ ಮಂದವಾದ ಥೈರಾಯ್ಡ್. ಒಂದು ಸಲ ರಿಪೋರ್ಟಿನಲ್ಲಿ ಟಿಎಸ್‌ಎಚ್ 0.02, ಫ್ರೀ ಟಿ4 ಮೇಲೆ. ನೋಡಿದವರು ಮಾತ್ರೆ ಅತಿಯಾಗಿದೆ ಅನ್ನಬೇಕು. ಆದರೆ ಅವಳಿಗೆ ಎದೆಬಡಿತ ಇಲ್ಲ, ಕೈ ನಡುಕ ಇಲ್ಲ, ನಿದ್ದೆ ಸೊಂಪಾಗಿ ಬರುತ್ತಿತ್ತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಕೂದಲಿಗೆ ಏನಾದ್ರೂ ತಗೋತಿದೀರಾ?" ತೆಗೆದುಕೊಳ್ಳುತ್ತಿದ್ದಳು, 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್. ಅನೇಕ ಲ್ಯಾಬುಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆ ಇದೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಮ್ಮಿ, ಟಿ4 ಜಾಸ್ತಿ ಅಂತ ಯಂತ್ರ ತಪ್ಪು ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅದನ್ನು ನಿಲ್ಲಿಸಿ ಒಂದು ವಾರ ಬಿಟ್ಟು ಮತ್ತೆ ನೋಡಿದರೆ ಟಿಎಸ್‌ಎಚ್ 5.8! ಪವರ್ ಇಳಿಸಿದ್ದರೆ ಏನಾಗುತ್ತಿತ್ತು ನೋಡಿ. ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ಬಯೋಟಿನ್ ನಿಲ್ಲಿಸಬೇಕು. ಮಲ್ಟಿವಿಟಮಿನ್ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳಲ್ಲೂ ಅದು ಅಡಗಿರುತ್ತದೆ.

ರಕ್ತ ಕೊಡುವ ದಿನ ನಾನು ಆದಷ್ಟು ಒಂದೇ ಥರ ನಡೆದುಕೊಳ್ಳುತ್ತೇನೆ. ಅದೇ ಲ್ಯಾಬು, ಬೆಳಿಗ್ಗೆ ಎಂಟರೊಳಗೆ, ತಿಂಡಿಗೆ ಮುಂಚೆ. ಟಿಎಸ್‌ಎಚ್ ಬೆಳಗಿನ ಜಾವ ಜಾಸ್ತಿ ಇದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಸಂಜೆ ಕೊಟ್ಟು ಅಂಕಿ ಹೋಲಿಸಿದರೆ ಅರ್ಥವಿಲ್ಲ. ಆವತ್ತಿನ ಮಾತ್ರೆ ರಕ್ತ ಕೊಟ್ಟ ಮೇಲೆ, ಇಲ್ಲದಿದ್ದರೆ ಆಗಷ್ಟೇ ನುಂಗಿದ್ದು ಫ್ರೀ ಟಿ4ನಲ್ಲಿ ಕಾಣಿಸಿಕೊಳ್ಳುತ್ತದೆ. ಲ್ಯಾಬಿಗೆ ನೀರಿನ ಬಾಟಲಿ ಜೊತೆ ಒಂದು ಮಾತ್ರೆ ಪರ್ಸಿನಲ್ಲಿ ಹೋಗುತ್ತದೆ. ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು, ಪವರ್, ಟಿಎಸ್‌ಎಚ್, ತೂಕ, ನಾಡಿ ಬರೆದಿಡುತ್ತೇನೆ. ಡಾಕ್ಟರು ಕಂಪ್ಯೂಟರ್ ನೋಡುವ ಮೊದಲು ಅದನ್ನೇ ಕೇಳುತ್ತಾರೆ.

ಮೆಡಿಕಲ್ ಶಾಪಿನಲ್ಲಿ ಆಗಾಗ ಒಂದು ಮಾತು ಬರುತ್ತದೆ: "88 ಇಲ್ಲ ಅಕ್ಕಾ, 100 ಕೊಡ್ಲಾ? ಎಲ್ಲಾ ಒಂದೇ." ಒಂದೇ ಅಲ್ಲ. 75ರಿಂದ 88ಕ್ಕೆ, ಬರೀ 13 ಮೈಕ್ರೋಗ್ರಾಂ ವ್ಯತ್ಯಾಸಕ್ಕೆ, ನನ್ನ ಟಿಎಸ್‌ಎಚ್ 6.1ರಿಂದ 2.3ಕ್ಕೆ ಬಂದಿದೆ. ಕಂಪನಿಯನ್ನೂ ಬದಲಿಸುವುದಿಲ್ಲ. ಬದಲಿಸಲೇಬೇಕಾಗಿ ಬಂದರೆ ಆರು ವಾರಕ್ಕೆ ಮತ್ತೆ ರಕ್ತ ಕೊಡುತ್ತೇನೆ. ಡಬ್ಬಿ ಇರುವುದು ಮಲಗುವ ಕೋಣೆಯ ಕಪಾಟಿನಲ್ಲಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗಿಬರುವುದಿಲ್ಲ, ಅಡುಗೆಮನೆಯಲ್ಲಿ ಮೂರೂ ಇವೆ. ಒಂದು ದಿನ ಮರೆತರೆ ನೆನಪಾದಾಗ ಹೊಟ್ಟೆ ಖಾಲಿ ಇದ್ದ ಹೊತ್ತು ನೋಡಿ ನುಂಗಿದರಾಯಿತು, ಗಾಬರಿ ಬೇಡ.

ಇಷ್ಟೆಲ್ಲ ಕೇಳಿದ ನಮ್ಮ ಶಾಲೆಯ ಹೊಸ ಟೀಚರ್ ಒಬ್ಬಳು, ಅವಳೂ ಇದೇ ಮಾತ್ರೆ ನುಂಗುವವಳು, ಮದುವೆಯಾಗಿ ವರ್ಷವಾಗಿದೆ, "ನಾನು ಬೇರೆ ಏನಾದ್ರೂ ನೋಡ್ಕೋಬೇಕಾ ಮೇಡಂ?" ಅಂದಳು. ನೋಡಿಕೊಳ್ಳಬೇಕು. ಬಸಿರು ನಿಂತರೆ ಹಾರ್ಮೋನಿನ ಬೇಡಿಕೆ ಮೊದಲ ವಾರಗಳಲ್ಲೇ ಏರುತ್ತದೆ, ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು. ಮಗುವಿಗೆ ಆಗ ತಾಯಿಯ ಹಾರ್ಮೋನೇ ಗತಿ. ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದರೆ ಸ್ಕ್ಯಾನಿಂಗ್ ತನಕ ಕಾಯದೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡು, ಮಾತ್ರೆಯನ್ನಂತೂ ನಿಲ್ಲಿಸಬೇಡ ಅಂತ ಹೇಳಿದೆ. ನನಗೆ ಈಗ ವರ್ಷಕ್ಕೆ ಎರಡು ಸಲ ಪರೀಕ್ಷೆ ಸಾಕು. ಮುಂದಿನದು ದಸರಾ ರಜೆಯಲ್ಲಿ, ಬಿ12 ಕೂಡ ಅದರ ಜೊತೆಗೇ ಬರೆದುಕೊಟ್ಟಿದ್ದಾರೆ.