ಹಳ್ಳಕ್ಕೆ ಚೀಲದ ಕಟ್ಟ ಹಾಕುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಾಗಿದ್ದೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಮಾರ್ಚ್ ಬಂತೆಂದರೆ ಬಾವಿಹಗ್ಗಕ್ಕೆ ಇನ್ನೊಂದು ಮಾರು ಜೋಡಿಸಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಹಳ್ಳದಲ್ಲಿ ಹರಿಯುವುದು ಜೂನ್‌ನಿಂದ ಗುಡ್ಡ, ಕಾನು (ದಟ್ಟ ಕಾಡು) ಹೀರಿಕೊಂಡು ಒರತೆಯಾಗಿ ಬಿಡುತ್ತಿರುವ ನೀರು. ಹಳ್ಳದ ಮಟ್ಟ ತಗ್ಗಿದಷ್ಟೂ ಅಕ್ಕಪಕ್ಕದ ಮಣ್ಣು ಬೇಗ ಬಸಿದು ಒಣಗುತ್ತದೆ. ಆ ಮಟ್ಟವನ್ನು ಒಂದು ಮೀಟರ್ ಎತ್ತಿ ಹಿಡಿದರೆ ಬಸಿಯುವುದು ನಿಧಾನವಾಗುತ್ತದೆ, ದಂಡೆಯೊಳಕ್ಕೂ ನೀರು ಇಂಗುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಬೇಸಿಗೆ ಮುಗಿಯುವವರೆಗೆ ನಿಲ್ಲುವ ತಡೆಗೋಡೆ, ಅಂದರೆ ಕಟ್ಟ, ಹಾಕುವುದು ಇದಕ್ಕಾಗಿ.

ಸ್ವಾತಿ, ವಿಶಾಖ ಮಳೆ ಮುಗಿಯಲಿ. ನವೆಂಬರ್ 20ರಿಂದ ಡಿಸೆಂಬರ್ ಮಧ್ಯದವರೆಗೆ ಒಳ್ಳೆಯ ಸಮಯ. ಅವಸರಪಟ್ಟರೆ ಒಂದು ವಾಯುಭಾರ ಕುಸಿತದ ಮಳೆ ಸಾಕು, ಎರಡು ದಿನದ ದುಡಿಮೆ ಕೊಚ್ಚಿಹೋಗುತ್ತದೆ. ಜನವರಿಗೆ ತಳ್ಳಿದರೆ ತಡೆದು ನಿಲ್ಲಿಸಲು ನೀರೇ ಉಳಿದಿರುವುದಿಲ್ಲ.

ಹಳ್ಳ ಕಿರಿದಾಗುವ, ಎರಡೂ ದಂಡೆ ಗಟ್ಟಿಯಿರುವ, ಮೇಲ್ಗಡೆ ಇಳಿಜಾರು ಕಡಿಮೆಯಿರುವ ಜಾಗ ಹುಡುಕಿ. ತಳದಲ್ಲಿ ಬಂಡೆಯೋ ಜಂಬಿಟ್ಟಿಗೆಯೋ ಸಿಕ್ಕಿದರೆ ಅದೃಷ್ಟ. ಕಾನಿನೊಳಗಾದರೆ ಅರಣ್ಯ ಇಲಾಖೆಗೆ, ಉಳಿದೆಡೆ ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಿ.

5 ಮೀಟರ್ ಅಗಲದ ಹಳ್ಳಕ್ಕೆ 1 ಮೀಟರ್ ಎತ್ತರದ ಕಟ್ಟವೆಂದರೆ ಸಿಮೆಂಟಿನ ಖಾಲಿ ಚೀಲ ಸುಮಾರು 240, ಒಂದು ಟ್ರ್ಯಾಕ್ಟರ್ ಲೋಡ್ ಜೇಡಿಮಣ್ಣು, 3 ಮೀಟರ್ ಉದ್ದದ ನಾಲ್ಕಿಂಚಿನ ಪಿವಿಸಿ ಪೈಪ್, ಅದಕ್ಕೊಂದು ಎಂಡ್‌ಕ್ಯಾಪ್ ಬೇಕು. ಎಂಟು ಜನ ಸೇರಿದರೆ ಎರಡು ದಿನದ ಕೆಲಸ. ಇದಕ್ಕಿಂತ ಎತ್ತರದ ಆಸೆ ಬೇಡ. ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ, ಚೀಲದ ಗೋಡೆ ತಾಳುವುದಿಲ್ಲ.

ಮೊದಲು ತಳ ಬಿಡಿಸಿ. ದರಗು, ಕೊಳೆತ ಬೇರು, ಸಡಿಲ ಮರಳು ಎಲ್ಲವನ್ನೂ ಗಟ್ಟಿನೆಲ ಸಿಗುವವರೆಗೆ ತೆಗೆಯಿರಿ. ಹೆಚ್ಚಿನ ಕಟ್ಟಗಳು ಸೋರುವುದು ಗೋಡೆಯಲ್ಲಲ್ಲ, ತಳದಲ್ಲಿ ಉಳಿದ ಈ ಕಸದ ಪದರದಲ್ಲಿ. ಎರಡೂ ದಂಡೆಯೊಳಕ್ಕೆ ಅರ್ಧ ಮೀಟರ್ ಕಡಿದು ಕಟ್ಟದ ತುದಿ ಕೂರಲು ಜಾಗ ಮಾಡಿ. ಪೈಪನ್ನು ತಳದಲ್ಲೇ ಮಲಗಿಸಿದರೆ ಕೆಲಸದ ಹೊತ್ತಿನಲ್ಲಿ ನೀರು ಅದರಲ್ಲಿ ಹಾಯ್ದುಹೋಗುತ್ತದೆ.

ಚೀಲಕ್ಕೆ ಹಳ್ಳದಲ್ಲೇ ಮೇಲ್ಗಡೆ ಕೂತಿರುವ ಹೂಳು, ಮರಳು ತುಂಬಿ. ತೆಗೆದ ಜಾಗದಲ್ಲಿ ಅಷ್ಟೇ ನೀರು ಹೆಚ್ಚು ನಿಲ್ಲುತ್ತದೆ. ದಂಡೆಯ ಮಣ್ಣು ಮಾತ್ರ ಕೆರೆಯಬೇಡಿ. ಮುಕ್ಕಾಲು ತುಂಬಿದರೆ ಸಾಕು, ಸುಮಾರು 40 ಕಿಲೊ. ಬಿಗಿಯಾಗಿ ತುಂಬಿದ ಚೀಲ ಕುಂಬಳಕಾಯಿಯಂತೆ ಉರುಳಾಡುತ್ತದೆ, ಪಕ್ಕದ್ದಕ್ಕೆ ಒತ್ತಿ ಕೂರುವುದಿಲ್ಲ. ಚೀಲದ ಉದ್ದ ಹರಿವಿನ ದಿಕ್ಕಿಗಿರಲಿ, ಬಾಯಿ ಜೇಡಿಮಣ್ಣಿನ ಕಡೆಗಿರಲಿ. ಇಟ್ಟಿಗೆ ಕಟ್ಟುವಂತೆ ಸಂದಿನ ಮೇಲೆ ಸಂದು ಬಾರದ ಹಾಗೆ ಎಂಟು ವರಸೆ ಇಡಿ. ಹೀಗೆ ಎರಡು ಗೋಡೆ, ನಡುವೆ ಜೇಡಿಮಣ್ಣು ತುಂಬಲು 45 ಸೆಂಟಿಮೀಟರ್ ಸಂದು.

ಕಟ್ಟದ ಜೀವ ಆ ಸಂದಿನಲ್ಲಿದೆ. ನೊರಜುಕಲ್ಲಿನ ಕೆಂಪುಮಣ್ಣು ಅಲ್ಲಿಗೆ ಆಗದು. ಜಿಗುಟಿನ ಗದ್ದೆಮಣ್ಣು ಬೇಕು. ಒಂದು ಮುದ್ದೆ ನಾದಿ ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲ್ ಗಾತ್ರದ ಎಳೆ ಮುರಿಯದೆ ಬಂದರೆ ಆ ಮಣ್ಣಾಗುತ್ತದೆ. 15 ಸೆಂಟಿಮೀಟರಿಗೊಮ್ಮೆ ಸುರಿದು, ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿಯಿರಿ. ಹಿಮ್ಮಡಿ ಹೂತುಹೋಗದಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ಪೈಪಿನ ಸುತ್ತ ಇನ್ನಷ್ಟು ಜೋಪಾನ.

ನಡುಭಾಗ ಅಂಚುಗಳಿಗಿಂತ 20 ಸೆಂಟಿಮೀಟರ್ ತಗ್ಗಿರಲಿ. ಹೆಚ್ಚಾದ ನೀರು ಅಲ್ಲಿಂದಲೇ ಇಳಿಯಬೇಕು. ಅಂಚಿನಿಂದ ಇಳಿದರೆ ದಂಡೆ ಕೊರೆಯುತ್ತದೆ. ನೀರು ಬೀಳುವಲ್ಲಿ ದಪ್ಪ ಕಲ್ಲು ಹಾಸಿ.

ಈಗ ಲೆಕ್ಕ. ನೀರು ಹಿಂದಕ್ಕೆ 40 ಮೀಟರ್ ನಿಂತಿತೆನ್ನಿ: ನಡುಭಾಗದ ಎತ್ತರ 0.8 ಮೀಟರ್, ಹಾಗಾಗಿ 5 × 0.8 × 40ರ ಅರ್ಧ, 80 ಘನ ಮೀಟರ್, 80 ಸಾವಿರ ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರಿನಂತೆ ಕೊಟ್ಟರೆ 500 ಮರಕ್ಕೆ ಎಂಟೇ ದಿನ. ಪಂಪ್ ಇಟ್ಟರೆ ಇಷ್ಟೇ ಸಿಗುವುದು. ಸುಮ್ಮನೆ ಬಿಟ್ಟರೆ ಒರತೆ ಬತ್ತುವವರೆಗೂ ಅದು ತುಂಬುತ್ತ, ಇಂಗುತ್ತ ಇರುತ್ತದೆ. ತೋಟಕ್ಕೆ ಬಾವಿಯಿಂದಲೇ ಎತ್ತಿ, ಕಟ್ಟವನ್ನು ಮುಟ್ಟಬೇಡಿ ಎಂದೇ ನಮ್ಮ ಮಾತು.

ಸೆಕೆಂಡಿಗೆ ಒಂದು ಲೀಟರ್ ಹರಿವೆಂದರೆ ದಿನಕ್ಕೆ 86,400 ಲೀಟರ್. ಪೂರ್ತಿ ತಡೆದರೆ ಒಂದು ದಿನದೊಳಗೆ ಕಟ್ಟ ತುಂಬೀತು. ಆದರೆ ಅಷ್ಟು ಹೊತ್ತು ಕೆಳಗಿನ ಮನೆಯವರಿಗೆ ನೀರಿಲ್ಲ, ಹಳ್ಳದ ಮೀನಿಗೂ ಇಲ್ಲ. ಪೈಪಿನಲ್ಲಿ ಅರ್ಧ ಹರಿವು ಬಿಟ್ಟುಕೊಂಡೇ ತುಂಬಿಸಿ, ತುಂಬಿ ಮೇಲಿಂದ ಹರಿಯತೊಡಗಿದ ಮೇಲೆ ಕ್ಯಾಪ್ ಹಾಕಿ. ಮುಂದೆ ಮೇಲಿನ ಹರಿವು ನಿಂತರೆ ಕ್ಯಾಪ್ ಸ್ವಲ್ಪ ಸಡಿಲಿಸಿ.

ವಾರಕ್ಕೊಮ್ಮೆ ಕೆಳಬದಿ ನೋಡಿ. ತಿಳಿನೀರು ಜಿನುಗಿದರೆ ಚಿಂತೆಯಿಲ್ಲ. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಅದೇ ದಿನ ಮುಚ್ಚಬೇಕು. ಹೆಚ್ಚಾಗಿ ಇದು ಏಡಿ ದಂಡೆಯಲ್ಲಿ ಕೊರೆದ ತೂತು. ಮೇಲ್ಬದಿಯ ನೀರಿಗೆ ದಂಡೆಯಂಚಿನಲ್ಲಿ ಒಂದು ಹಿಡಿ ಭತ್ತದ ಉಮಿ ಚೆಲ್ಲಿ. ತೂತು ನೀರಿನ ಮಟ್ಟದ ಹತ್ತಿರವಿದ್ದರೆ ಉಮಿ ಮೆಲ್ಲಗೆ ಅತ್ತ ಸರಿದು ಸುತ್ತತೊಡಗುತ್ತದೆ. ಅಲ್ಲಿ ಜೇಡಿಮಣ್ಣಿನ ಉಂಡೆಗಳನ್ನು ಕೈಯಿಂದ ಗಿಡಿದು ಮೇಲೊಂದು ಚೀಲ ಒತ್ತಿಡಿ.

ಮೇ ಕೊನೆಯೊಳಗೆ ಕಟ್ಟ ಬಿಚ್ಚಲೇಬೇಕು. ಮೊದಲು ಕ್ಯಾಪ್ ತೆಗೆದು ನೀರು ಇಳಿಸಿ, ಆಮೇಲೆ ಮೇಲಿನ ವರಸೆಯಿಂದ ಬಿಚ್ಚುತ್ತ ಬನ್ನಿ. ಬಿಡದೆ ಹೊಡೆಯುವ ಆರಿದ್ರಾ ಮಳೆಗೆ ಕಟ್ಟ ಅಡ್ಡ ನಿಂತರೆ ಹಳ್ಳ ಪಕ್ಕದ ತೋಟದೊಳಗೇ ದಾರಿ ಮಾಡಿಕೊಳ್ಳುತ್ತದೆ. ಬಿಸಿಲಿಗೆ ಪುಡಿಯಾದ ಚೀಲದ ಚೂರುಗಳನ್ನೂ ಆರಿಸಿ ತನ್ನಿ, ನೀರಿಗೆ ಬಿಡಬೇಡಿ. ಪೈಪು, ಹಾಸಿದ ಕಲ್ಲು ಮೇಲೆತ್ತಿ ಇಟ್ಟರೆ ಮುಂದಿನ ವರ್ಷಕ್ಕಾಯಿತು.