ಮಗು 'ಬಿದ್ದೆ' ಅನ್ನೋ ಬದ್ಲು 'ಬೀಳಿದೆ' ಅಂದ್ರೆ ಏನ್ ಮಾಡ್ಬೇಕು

ಮೂರು ನಾಲ್ಕು ವರ್ಷದ ಮಕ್ಳು 'ಬೀಳಿದೆ', 'ಕೊಡಿದೆ', 'ತಿನ್ನಿದೆ' ಅಂದ್ರೆ ಗಾಬರಿ ಆಗ್ಬೇಡಿ, ಓಡಿದೆ ಆಡಿದೆ ನೋಡಿದೆ ಅನ್ನೋ ಲೆಕ್ಕಾನೇ ಎಲ್ಲಾ ಕಡೆ ಹಾಕ್ತಿವೆ ಅಷ್ಟೇ, ಅಂದ್ರೆ ತಲೆ ಚೆನ್ನಾಗೇ ಓಡ್ತಿದೆ ಅಂತ ಅರ್ಥ. ದಯವಿಟ್ಟು "ತಪ್ಪು, ಸರಿಯಾಗಿ ಹೇಳು" ಅಂತ ಗದರಬೇಡಿ. "ಹೌದಾ ಪುಟ್ಟಿ, ಬಿದ್ಯಾ? ಅಂಗಳದಲ್ಲಿ ಬಿದ್ಯಾ? ಅಯ್ಯೋ, ನನ್ ಕೂಸು ಬಿತ್ತು!" ಅಂತ ಸರಿ ರೂಪಾನ ಮಾತಲ್ಲೇ ಎರಡು ಮೂರು ಸಲ ವಾಪಸ್ ಕೊಡಿ, ಸ್ಪೀಚ್ ಥೆರಪಿಲೂ ಮಾಡೋದು ಹೆಚ್ಚುಕಮ್ಮಿ ಇದೇ.

ನಮ್ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಇದಕ್ಕೆ ಒಳ್ಳೆ ಆಟ ಇದೆ. ಸೂರಿನ ನೀರು ಹರಿಯೋ ಕಡೆ ಕಾಗದದ ದೋಣಿ ಬಿಡಿ. "ದೋಣಿ ಹೋಗ್ತಾ ಇದೆ... ಹೋಗ್ತಾ ಇದೆ..." ಅಂತಿರಿ, ಕಣ್ಮರೆ ಆದ್ ತಕ್ಷಣ "ಹೋಯ್ತು!" ಅನ್ನಿ. ಕೆಲಸ ಮುಗಿದ ಆ ಕ್ಷಣಕ್ಕೇ ಮಾತು ಬೀಳ್ಬೇಕು, ಅದೇ ಮುಖ್ಯ. ನಾಲ್ಕೈದು ದೋಣಿ ಆದ್ಮೇಲೆ "ದೋಣಿ..." ಅಂತ ನಿಲ್ಸಿ, ಸುಮ್ನೆ ಐದು ಸೆಕೆಂಡ್ ಕಾಯಿರಿ, ನೀವೇ ಹೇಳ್ಬಿಡಬೇಡಿ, ಮಗುನೇ ಹೇಳತ್ತೆ. ಕಡುಬು ತಿನ್ನೋವಾಗ್ಲೂ ಹಂಗೇ, ತಿಂತಾ ಇದೀನಿ, ತಿಂತಾ ಇದೀನಿ, ತಿಂದೆ!

ಒಂದ್ ವಾರಕ್ಕೆ ಮೂರ್ನಾಲ್ಕು ಕ್ರಿಯಾಪದ ಸಾಕು. ರಾತ್ರಿ ಮೊಬೈಲಲ್ಲಿರೋ ಅವತ್ತಿನ ಫೋಟೋ ತೋರ್ಸಿ "ಇಲ್ಲಿ ಏನ್ ಮಾಡ್ದೆ?" ಅಂತ ಕೇಳಿ.

ಎರಡು ವರ್ಷ ತುಂಬಿದ್ರೂ ಎರಡು ಪದ ಸೇರ್ಸಿ ಹೇಳ್ತಿಲ್ಲ ಅಂದ್ರೆ ಮಾತ್ರ ಕಾಯ್ಬೇಡಿ, ಮೊದ್ಲು ಕಿವಿ ಟೆಸ್ಟ್ ಮಾಡ್ಸಿ, ಆಮೇಲೆ ಥೆರಪಿಸ್ಟ್ ಹತ್ರ ತೋರ್ಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲ್ಸ ಮಾಡ್ತಿದೆ.